ಸೋದರತ್ತೆ, ನಾಮಕರಣ ಮತ್ತು ಜೀನ್ಸ್ ತೊಟ್ಟ ಡಬ್ಬಿ

ಯಂತ್ರಗಳ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಒಂದು ಹಳೆಯ ಹೊಲಿಗೆ ಮಿಷನ್ನಿನಿಂದ ಶುರು ಮಾಡಿ, ರಾಯದುರ್ಗದಲ್ಲಿ ಸ್ವಂತ ಜೀನ್ಸ್ ಯೂನಿಟ್ಟು ಹಾಕಿದವನು ನಾನು. ಕೆಳಗೆ ಯೂನಿಟ್ಟು, ಮೇಲೆ ಮನೆ. ಊಟಕ್ಕೆ ಕೂತಿದ್ದರೂ ಕೆಳಗಿನ ಯಾವ ಮಿಷನ್ನಿನ ಸೂಜಿ ಮೊಂಡಾಗಿದೆ ಎಂದು ಸದ್ದಿನಲ್ಲೇ ಹೇಳಬಲ್ಲೆ. ಇನ್ನು ಚೌಕಾಸಿಯಲ್ಲಂತೂ ನನ್ನ ಹೆಸರು ಬಳ್ಳಾರಿಯವರೆಗೆ ಹಬ್ಬಿದೆ. ಅಲ್ಲಿನ ಅಂಗಡಿಯವರು ನನ್ನನ್ನು ಕಂಡ ಕೂಡಲೇ ಮೊದಲು ಬೆಲೆ ಏರಿಸುತ್ತಾರೆ, ಆಮೇಲೆ ನಮಸ್ಕಾರ ಮಾಡುತ್ತಾರೆ. ಅಷ್ಟು ಮರ್ಯಾದೆ!

ಇಂಥ ನನ್ನನ್ನು ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ ಊರ ಮುಂದೆ ನಗೆಪಾಟಲು ಮಾಡಿತು. ಹೇಗೆಂದು ಹೇಳುತ್ತೇನೆ. ನಿಮಗೂ ಉಪಯೋಗಕ್ಕೆ ಬಂದೀತು.

ನನ್ನ ಹೆಂಡತಿ ರತ್ನಮ್ಮ ಮಡಕಶಿರಾ ಕಡೆಯವಳು, ಗುಡಿಬಂಡೆ ಹತ್ತಿರದ ಹಳ್ಳಿ. ಅವಳಿಗೆ ಒಬ್ಬನೇ ತಮ್ಮ, ಹನುಮಂತರಾಯ. ಆ ಕಡೆಯ ಎಷ್ಟೋ ಜನರಂತೆ ಅವನೂ ಗಾರ್ಮೆಂಟ್ ಕೆಲಸ ಹುಡುಕಿಕೊಂಡು ಹೆಂಡತಿಯ ಜೊತೆ ತಿರುಪ್ಪೂರಿಗೆ ಹೋದ. ಅಲ್ಲಿ ಬನಿಯನ್ ಫ್ಯಾಕ್ಟರಿ. ಎಷ್ಟೋ ವರ್ಷ ಹರಕೆ ಹೊತ್ತ ಮೇಲೆ ಈಗ ಅವರಿಗೊಂದು ಹೆಣ್ಣುಮಗು. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೆಸರು ಕರೆಯಬೇಕಾದವಳು ಸೋದರತ್ತೆ. ಅಂದರೆ ರತ್ನಮ್ಮ. "ಹೆಸರೂ ನೀನೇ ಆರಿಸಕ್ಕಯ್ಯ, ಅವತ್ತು ಕಿವೀಲಿ ಹೇಳಿದಾಗ್ಲೇ ನಮಗೂ ಗೊತ್ತಾಗ್ಲಿ" ಎಂದು ತಮ್ಮ ಬೇರೆ ಹೇಳಿದ್ದ. ಅವಳು ಹೆಸರನ್ನು ಆರಿಸಿಯೂ ಆಗಿತ್ತು. ನನಗೂ ಹೇಳಿರಲಿಲ್ಲ!

ಅಷ್ಟರಲ್ಲಿ ಬಚ್ಚಲಲ್ಲಿ ಅವಳ ಕಾಲು ಜಾರಿತು. ಮೊಣಕಾಲಿನವರೆಗೆ ದಪ್ಪ ಪ್ಲಾಸ್ಟರ್ ಬಿತ್ತು. ಪ್ರಯಾಣದ ಮಾತೇ ಎತ್ತಬೇಡಿ ಎಂದರು ಡಾಕ್ಟರು.

"ಅದಕ್ಯಾಕ ಅಳ್ತೀ? ಫೋನಿನಾಗ ಹೆಸರು ಕರದ್ರಾತು" ಎಂದೆ.

"ಮುಖ ನೋಡ್ದೆ ಹೆಂಗ್ರೀ ಕರೀಲಿ? ನಾನೇನು ರೇಷನ್ ಕಾರ್ಡಿಗೆ ಹೆಸ್ರು ಸೇರಿಸ್ತಿದೀನಾ?"

ರಾಯದುರ್ಗದಲ್ಲಿ ಇಷ್ಟು ವರ್ಷ ಬಾಳಿ ನಮ್ಮ ಕಡೆಯ ಮಾತನ್ನು ಚೆನ್ನಾಗಿಯೇ ಕಲಿತಿದ್ದಾಳೆ. ಆದರೆ ಸಿಟ್ಟು ಬಂದರೂ ದುಃಖ ಬಂದರೂ ಬಾಯಿ ನೇರವಾಗಿ ಗುಡಿಬಂಡೆಗೆ ಹೋಗಿಬಿಡುತ್ತದೆ. ಗುಡಿಬಂಡೆ ಮಾತು ಬಂತೆಂದರೆ ನಾನು ಎದುರಾಡುವುದಿಲ್ಲ.

ಅವಳ ಮಾತಿನಲ್ಲೂ ನ್ಯಾಯವಿತ್ತು. ಫೋನನ್ನು ಮಗುವಿನ ಕಿವಿಗೆ ಹಿಡಿದರೆ ಅದರಲ್ಲಿ ಕಾಣುವುದು ಕಿವಿಯೊಂದೇ. ನಾನು ಕೂಡಲೇ ಒಂದು ಯೋಜನೆ ಮಂಡಿಸಿದೆ. ತಿರುಪ್ಪೂರಿನ ಫೋಟೋದವನು ಕಾರ್ಯಕ್ರಮವನ್ನು ಇಂಟರ್‌ನೆಟ್ಟಿನಲ್ಲಿ ನೇರವಾಗಿ ಬಿಡುವುದು. ನಾವಿಲ್ಲಿ ದೊಡ್ಡ ಟೀವಿಯಲ್ಲಿ ಮಗುವಿನ ಮುಖ ನೋಡುವುದು. ಫೋನಿನಲ್ಲಿ ಹೆಸರು ಕರೆಯುವುದು.

"ನೀನು ತಿರುಪ್ಪೂರಿಗೆ ಹೋಗೋದು ಬ್ಯಾಡ. ತಿರುಪ್ಪೂರನ್ನ ತಂದು ನಿನ್ನ ಮುಂದ ಇಡ್ತೀನಿ!" ಎಂದು ಘೋಷಿಸಿದೆ. ರತ್ನಮ್ಮ ಕಣ್ಣೊರೆಸಿಕೊಂಡಳು. ಆ ಕ್ಷಣಕ್ಕೆ ನಾನು ದೇವರಾಗಿದ್ದೆ.

ಮರುದಿನವೇ ಬಳ್ಳಾರಿಗೆ ಹೋಗಿ, ಇಂಟರ್‌ನೆಟ್ ವಿಡಿಯೋ ಟೀವಿಯಲ್ಲಿ ತೋರಿಸುವ ಡಬ್ಬಿಯೊಂದನ್ನು ಆರಿಸಿದೆ. ಅಂಗಡಿಯವನು ಬೆವರುವವರೆಗೆ ಚೌಕಾಸಿ ಮಾಡಿ, ವೈರನ್ನು ಪುಕ್ಕಟೆ ಹಾಕಿಸಿಕೊಂಡು, ಒಂದು ಚಹಾವನ್ನೂ ಕುಡಿದು ಬಂದೆ. ಮನೆಯಲ್ಲಿ ಜೋಡಿಸಿದೆ. ಚಿತ್ರ ಅಂದರೆ ಚಿತ್ರ! ಹಾಡುವವರ ಹಲ್ಲು ಎಣಿಸಬಹುದಿತ್ತು.

ಆ ಸಂತೋಷದಲ್ಲಿ ನಾನು ಮಾಡಿದ ಮೊದಲ ಕೆಲಸ, ಡಬ್ಬಿಗೆ ಅಂಗಿ ಹೊಲಿದದ್ದು.

ಇದು ನಮ್ಮ ಮನೆಯ ಪದ್ಧತಿ. ಜೀನ್ಸ್ ಬಟ್ಟೆ ಕತ್ತರಿಸುವಾಗ ಏಳುವ ನೀಲಿ ಧೂಳು ಕೆಳಗಿನಿಂದ ಮೇಲೆ ಬಂದು ಎಲ್ಲದರ ಮೇಲೂ ಕೂರುತ್ತದೆ. ಅದಕ್ಕೇ ಉಳಿದ ತುಂಡುಗಳಲ್ಲಿ ನಾನು ಎಲ್ಲದಕ್ಕೂ ಹೊದಿಕೆ ಹೊಲಿಯುತ್ತೇನೆ. ಮಿಕ್ಸಿಗೆ ಉಂಟು, ಫ್ರಿಜ್ಜಿಗೆ ಉಂಟು, ಗ್ಯಾಸ್ ಸಿಲಿಂಡರಿಗೆ ಬೆಲ್ಟ್ ಹಾಕುವ ಪಟ್ಟಿಯೂ ಉಂಟು. ನಮ್ಮ ಮನೆಯಲ್ಲಿ ಜೀನ್ಸ್ ತೊಡದೆ ಉಳಿದವನು ನಾನೊಬ್ಬನೇ. ನನ್ನದು ಲುಂಗಿ.

ಈ ಡಬ್ಬಿಗೆ ಮಾತ್ರ ವಿಶೇಷ ಮುತುವರ್ಜಿ ವಹಿಸಿದೆ. ಪಕ್ಕದಲ್ಲಿದ್ದ ವೈಫೈ ಡಬ್ಬಿಯನ್ನೂ ಸೇರಿಸಿ, ಎರಡೂ ಅವಳಿ ಮಕ್ಕಳಂತೆ ಒಂದೇ ಅಂಗಿಯೊಳಗೆ ಕೂರುವ ಹಾಗೆ ಹೊಲಿದೆ. ದಪ್ಪ ಬಟ್ಟೆ, ಎರಡು ಪದರ, ಕಿತ್ತಳೆ ದಾರದ ಜೋಡಿ ಹೊಲಿಗೆ, ವೈರು ಹೊರಬರಲು ಕಾಜಾ, ಗಟ್ಟಿ ಜಿಪ್ಪು, ರಿಮೋಟಿಗೆ ಹಿಂಜೇಬು. ನೋಡಿದವರು ಕಣ್ಣು ಹಾಕುವಂತಿತ್ತು.

ಹಾಕಿಯೇಬಿಟ್ಟರು ಎನ್ನಬೇಕು. ಅಂದು ಸಂಜೆಯೇ ಚಿತ್ರ ಕೆಟ್ಟಿತು. ಸ್ವಲ್ಪ ಹೊತ್ತು ಚೆನ್ನಾಗಿ ಬಂದು, ಆಮೇಲೆ ಎಲ್ಲರ ಮುಖ ಚೆಕ್ಸ್ ಬಟ್ಟೆಯಾಯಿತು. ಮಾತು ಒಂದು ಕಡೆ, ತುಟಿ ಇನ್ನೊಂದು ಕಡೆ. ಕೊನೆಗೆ ನಡುವೆ ಒಂದು ಬಿಳಿ ಉಂಗುರ ಗಿರಗಿರ ತಿರುಗತೊಡಗಿತು.

ಇಂಟರ್‌ನೆಟ್ಟಿನ ಬಾಷಾನನ್ನು ಕರೆಸಿದೆ. ಮನೆಗೆ ಬಂದ ಮನುಷ್ಯನ ಮುಂದೆ ಡಬ್ಬಿಯನ್ನು ಮುಚ್ಚಿಡುವುದು ಸಭ್ಯತೆಯಲ್ಲವೆಂದು, ಅವನು ಚಹಾ ಕುಡಿಯುವಷ್ಟರಲ್ಲಿ ಅಂಗಿ ಬಿಚ್ಚಿ ಮಡಿಸಿಟ್ಟೆ. ಬಾಷಾ ಪರೀಕ್ಷೆ ಮಾಡಿದ. ಚಿತ್ರ ಕನ್ನಡಿಯಂತೆ ಬಂತು!

"ಸ್ಪೀಡ್ ಬರೋಬ್ಬರಿ ಐತ್ರಿ ಅಣ್ಣ. ನಿಮ್ಮ ಕಣ್ಣು ಒಂದೀಟು ತೋರಿಸ್ಕೊಳ್ರಿ" ಎಂದು ಹೋದ.

ಅವನು ಹೋದ ಮೇಲೆ ಮತ್ತೆ ಅಂಗಿ ತೊಡಿಸಿದೆ. ರಾತ್ರಿಯ ಊಟದೊಳಗೆ ಉಂಗುರ ಮತ್ತೆ ತಿರುಗತೊಡಗಿತು! ಮತ್ತೆ ಬಾಷಾ, ಮತ್ತೆ ಚಹಾ, ಮತ್ತೆ ಕನ್ನಡಿ. ಅವನು ಮೆಟ್ಟಿಲಿಳಿದರೆ ಉಂಗುರ. ಈ ಡಬ್ಬಿ ಬಾಷಾನನ್ನು ಕಂಡರೆ ಹೆದರುತ್ತದೆ ಎಂದು ನನಗೆ ಖಚಿತವಾಯಿತು. ಅವನ ಫೋಟೋ ತಂದು ಟೀವಿಯ ಮೇಲೆ ನೇತುಹಾಕಲೇ ಎಂದೂ ಯೋಚಿಸಿದೆ.

"ನಿನ್ನ ಲೈನ್ ಹಳೇದಾತು, ಹೊಸಾದು ಎಳಿ" ಎಂದು ಅವನ ಮೇಲೆ ಜೋರು ಮಾಡಿದೆ. ಪಾಪ, ಎಳೆದ. ಏನೂ ಬದಲಾಗಲಿಲ್ಲ.

ಆಗ ನನ್ನ ವ್ಯಾಪಾರಿ ಬುದ್ಧಿ ಚುರುಕಾಯಿತು. ನಾನು ಬೆಲೆ ಇಳಿಸಿದ ಹಾಗೆ ಅಂಗಡಿಯವನು ಚಿತ್ರದ ಗುಣಮಟ್ಟವನ್ನೂ ಇಳಿಸಿ ಕೊಟ್ಟಿದ್ದಾನೆ! ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಳ್ಳಾರಿಗೆ ಹೋದೆ. ಅಂಗಿಯನ್ನು ಒಯ್ಯಲಿಲ್ಲ. ಡಿಸೈನ್ ಕದ್ದಾರು ಎಂಬ ಭಯ. ಅಂಗಡಿಯವನು ಡಬ್ಬಿಯನ್ನು ತನ್ನ ಟೀವಿಗೆ ಜೋಡಿಸಿ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಒಂದಿಡೀ ಸಿನಿಮಾ ತೋರಿಸಿದ. ಒಂದೇ ಒಂದು ಸಲ ಉಂಗುರ ತಿರುಗಲಿಲ್ಲ.

"ಸಾಹುಕಾರ್ರ, ಇನ್ನೊಂದು ಸಿನಿಮಾ ನೋಡ್ತೀರೇನ್ರಿ? ಟಿಕೆಟ್ ಹಾಕ್ತೀನಿ" ಎಂದ.

ತಲೆ ತಗ್ಗಿಸಿ ಬಸ್ಸು ಹತ್ತಿದೆ.

ಇನ್ನು ಉಳಿದದ್ದು ಪಕ್ಕದ ಮನೆಯ ಶಾಂತಕ್ಕ. ಅವರ ಮನೆಯ ಗೋಡೆಗೂ ನಮ್ಮ ಟೀವಿಗೂ ಮೊಳ ಅಂತರ. ನಮ್ಮ ವೈಫೈಯನ್ನು ಅವರು ಗೋಡೆಯಾಚೆಯಿಂದ ಹೀರುತ್ತಿರಬಹುದೆಂದು ಪಾಸ್‌ವರ್ಡ್ ಬದಲಾಯಿಸಿ, ಮಹಡಿಯ ಮೇಲಿಂದ ಅವರಿಗೆ ಕೇಳುವ ಹಾಗೆ, "ಇನ್ನ ಮ್ಯಾಲ ನಮ್ಮ ವೈಫೈ ಹೀರೋರ ಆಟ ನಡಿಯಂಗಿಲ್ಲ!" ಎಂದೆ.

ಶಾಂತಕ್ಕ ಬಟ್ಟೆ ಒಣಹಾಕುತ್ತಿದ್ದವರು ತಿರುಗಿದರು. "ಯಾರಿಗ್ರಿ ಅದು?"

"ಯಾರಿಗೆ ತಾಗಬೇಕೋ ಅವ್ರಿಗ್ರಿ."

"ನಮ್ಮನ್ಯಾಗ ಇರೋದು ಬಟನ್ ಫೋನು. ಅದರಾಗ ಹಾವಿನ ಆಟ ಬಿಟ್ರ ಬ್ಯಾರೆ ಆಟ ಇಲ್ರಿ!" ಎಂದು ಒದ್ದೆ ಸೀರೆಯನ್ನು ರಪ್ಪನೆ ಕೊಡವಿ ಒಳಗೆ ಹೋದರು. ಅಂದಿನಿಂದ ಅವರ ಮನೆಯ ಮಜ್ಜಿಗೆ ನಿಂತಿತು. ಚಿತ್ರ ಹಾಗೇ ಉಳಿಯಿತು.

ನಾಮಕರಣದ ದಿನ ಬಂದೇಬಂತು. ಕೊನೆಯ ಉಪಾಯವೆಂದು ವೋಲ್ಟೇಜು ಉಳಿಸಲು ಯೂನಿಟ್ಟಿನ ಎಲ್ಲ ಮಿಷನ್ನುಗಳನ್ನೂ ನಿಲ್ಲಿಸಿದೆ. ಕೆಲಸವಿಲ್ಲದ ಹೊಲಿಗೆಯ ಹೆಣ್ಣುಮಕ್ಕಳೆಲ್ಲ ಮೇಲೆ ಬಂದು ಟೀವಿಯ ಮುಂದೆ ಕೂತರು. ರತ್ನಮ್ಮನಿಗಾಗಿ ಸಿಟ್ಟು ನುಂಗಿ ಶಾಂತಕ್ಕನೂ ಬಂದರು. ನನ್ನ ಕಡೆ ನೋಡಲಿಲ್ಲ. ರತ್ನಮ್ಮ ರೇಷ್ಮೆ ಸೀರೆ ಉಟ್ಟು, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಇಟ್ಟು, ನನ್ನ ಫೋನನ್ನು ಕಿವಿಗಿಟ್ಟುಕೊಂಡು ಮಹಾರಾಣಿಯಂತೆ ಕುಳಿತಿದ್ದಳು.

ಟೀವಿ ಹಾಕಿದೆ. ಬಂತು! ಹೂವಿನ ತೊಟ್ಟಿಲು, ಮಂತ್ರ ಹೇಳುವ ಅಯ್ನೋರು, ಹೊಸ ಅಂಗಿಯ ಹನುಮಂತರಾಯ. ಮಗುವಿಗೆ ಇನ್ನೂ ಒಳಗೆ ಹಾಲು ಕುಡಿಸುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಲುಂಗಿ ಸರಿಮಾಡಿಕೊಂಡು, ಇಂಥ ಡಬ್ಬಿ ಕೊಳ್ಳುವಾಗ ಏನೇನು ನೋಡಬೇಕೆಂದು ಹೆಣ್ಣುಮಕ್ಕಳಿಗೆ ಸಲಹೆ ಕೊಡತೊಡಗಿದೆ.

ಸಲಹೆ ಮುಗಿಯುವ ಮೊದಲೇ ಅಯ್ನೋರ ಮುಖ ಚೆಕ್ಸ್ ಆಯಿತು. ಹನುಮಂತರಾಯ ಬಾಯಿ ತೆರೆದವನು ತೆರೆದಂತೆಯೇ ನಿಂತ. ಉಂಗುರ ತಿರುಗತೊಡಗಿತು.

ಇಷ್ಟೊಂದು ಜನ ತಂದ ಧೂಳು ಡಬ್ಬಿಯ ಒಳಗೆ ಹೋಗಿರಬೇಕು ಎನಿಸಿತು. ಓಡಿಹೋಗಿ, ಸ್ವಲ್ಪ ತೆರೆದಿದ್ದ ಜಿಪ್ಪನ್ನು ಪೂರ್ತಿ ಎಳೆದು ಮುಚ್ಚಿದೆ.

ಟೀವಿ ಕಪ್ಪಾಯಿತು!

ಅದೇ ಹೊತ್ತಿಗೆ ಫೋನಿನಲ್ಲಿ ಹನುಮಂತರಾಯ: "ಅಕ್ಕಯ್ಯ, ಮಗೂನ ತಂದ್ರು. ಮುಹೂರ್ತ ಮೀರ್ತೈತೆ ಅಂತವ್ರೆ ಅಯ್ನೋರು. ನಮ್ಮ ಪಕ್ಕದ ಮನೆ ಅಕ್ಕ ಇಲ್ಲೇ ನಿಂತವ್ಳೆ. ನೀನು ಹೆಸ್ರು ಹೇಳ್ಬಿಡು, ಅವಳ ಕೈಲೇ ಕರೆಸ್ತೀನಿ."

ರತ್ನಮ್ಮನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಇಷ್ಟು ವರ್ಷ ಕಾದ ಹೆಸರು ಯಾರದೋ ಬಾಯಿಗೆ ಹೋಗುವುದರಲ್ಲಿತ್ತು. ನಾನು ವೈರು ಕಿತ್ತೆ, ಚುಚ್ಚಿದೆ. ಟೀವಿಯ ಬೆನ್ನಿಗೆ ಗುದ್ದಿದೆ. ಬಾಷಾನ ಹೆಸರನ್ನು ಗಟ್ಟಿಯಾಗಿ ಕೂಗಿದೆ, ಹೆದರಿಯಾದರೂ ಬರಲಿ ಎಂದು!

"ಅಯ್ನೋರಿಗೆ ಇನ್ನೊಂದು ಲೋಟ ಕಾಫಿ ಕೊಡ್ಲಾ ಹನುಮಂತ. ಮುಖ ನೋಡ್ದೆ ನಾನು ಹೆಸ್ರು ಬಿಡಾಕಿಲ್ಲ" ಎಂದಳು ರತ್ನಮ್ಮ ಫೋನಿಗೆ. ಕಣ್ಣೀರು ಬಾರದಿರಲೆಂದೋ ಏನೋ, ಟೈಲರ್ ಸ್ಕೇಲನ್ನು ಪ್ಲಾಸ್ಟರಿನೊಳಗೆ ತೂರಿಸಿ ಕೆರೆದುಕೊಳ್ಳತೊಡಗಿದಳು. "ಥೂ, ಈ ಕಟ್ಟಿನೊಳಗೆ ಕಾಲು ಬೆಂದೋಗ್ತೈತೆ..."

ಸ್ಕೇಲು ಅಲ್ಲೇ ನಿಂತಿತು. ತನ್ನ ಕಾಲನ್ನು ನೋಡಿದಳು. ಆಮೇಲೆ ಡಬ್ಬಿಯನ್ನು ನೋಡಿದಳು. ಮತ್ತೆ ಕಾಲನ್ನು ನೋಡಿದಳು.

"ರೀ, ಅದ್ರೊಳಗೆ ಕೈ ಇಟ್ಟು ನೋಡಿ."

ವೈರಿನ ಕಾಜಾದೊಳಗೆ ಬೆರಳು ತೂರಿಸಿದೆ. "ಅಯ್ಯಪ್ಪಾ!" ಎಂದು ಎಳೆದುಕೊಂಡೆ.

ಶಾಂತಕ್ಕ ಬಂದು ಮುಟ್ಟಿ ನೋಡಿದರು. ಎಷ್ಟೋ ದಿನಗಳ ಮೇಲೆ ನನ್ನ ಜೊತೆ ಮಾತಾಡಿದರು. "ಇದರ ಮ್ಯಾಲ ರೊಟ್ಟಿ ಸುಡಬಹುದಲ್ರಿ! ನಾನೇನು ಹೀರಿದ್ನಾ ಇದನ್ನ?"

ನಾನು ಜಿಪ್ಪು ಎಳೆದೆ. ಬರಲಿಲ್ಲ. ಜಗ್ಗಿದೆ. ಕೈಗೆ ಜಿಪ್ಪಿನ ತಲೆ ಮಾತ್ರ ಬಂತು. ಹೊಲಿಗೆ ಕೀಳಲು ನೋಡಿದೆ. ಆನೆ ಎಳೆದರೂ ಹರಿಯದ ಹೊಲಿಗೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದೆನಲ್ಲ, ಅದು ನಿಜವೆಂದು ನನಗೂ ಅಂದೇ ಗೊತ್ತಾದದ್ದು!

"ಕತ್ರಿ ಕೊಡ್ತೀರೋ, ಒಂಟಿ ಕಾಲಲ್ಲಿ ನಾನೇ ಎದ್ದು ಬರ್ಲೋ?"

ಅಪ್ಪಟ ಗುಡಿಬಂಡೆ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಕೊಟ್ಟೆ. ಅಂಗಿಯ ಸಮೇತ ಅವಳಿ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ರತ್ನಮ್ಮ ಒಂದೇ ಏಟಿಗೆ ಬೆನ್ನು ಸೀಳಿದಳು. ಡಬ್ಬಿಗಳು ಹೊರಬಂದವು. ಶಾಂತಕ್ಕ ಟೇಬಲ್ ಫ್ಯಾನು ತಿರುಗಿಸಿದರು. ಹೊಲಿಗೆಯ ಹೆಣ್ಣುಮಕ್ಕಳು ಸೆರಗಿನಿಂದ ಗಾಳಿ ಬೀಸಿದರು, ಬಾಣಂತಿಗೆ ಬೀಸಿದ ಹಾಗೆ. ನಾನು ಮೂಲೆಯಲ್ಲಿ ನಿಂತು, ಬೀಸುವುದು ಹೇಗೆಂದು ಸಲಹೆ ಕೊಟ್ಟೆ.

ಡಬ್ಬಿಯ ದೀಪ ಹತ್ತಿತು. ಟೀವಿ ಬೆಳಗಿತು. ತೊಟ್ಟಿಲ ಪಕ್ಕದಲ್ಲಿ ಅಮ್ಮನ ತೋಳಿನ ಮೇಲೆ ಮಗು! ಹಣೆಯ ಮೇಲೆ ದೃಷ್ಟಿಬೊಟ್ಟು, ಮುಷ್ಟಿ ಕಟ್ಟಿದ ಕೈ, ನಮ್ಮ ಮಾವನವರದ್ದೇ ಮೂಗು.

ರತ್ನಮ್ಮ ಕಣ್ತುಂಬ ನೋಡಿದಳು. ಆಮೇಲೆ ಫೋನನ್ನು ತುಟಿಗೆ ತಂದು, ಮೆಲ್ಲಗೆ, "ವೇದವತೀ..." ಎಂದಳು. ಮತ್ತೆ ಮತ್ತೆ ಕರೆದಳು.

ಭೈರವಾನಿತಿಪ್ಪದ ಅಣೆಕಟ್ಟೆ ತುಂಬಿದ ವರ್ಷ ಅವಳನ್ನು ನೀರು ತೋರಿಸಲು ಕರೆದುಕೊಂಡು ಹೋಗಿದ್ದೆ. ಅಲ್ಲಿ ವೇದವತಿ ಹೊಳೆಗೆ ಕೈಮುಗಿದು ಏನನ್ನೋ ಬೇಡಿಕೊಂಡಿದ್ದಳು. ಯಾರಿಗಾಗಿ ಎಂದು ನಾನು ಕೇಳಿರಲಿಲ್ಲ.

ಟೀವಿಯಲ್ಲಿ ಏನೂ ಆಗಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. "ಇಂಟರ್‌ನೆಟ್ಟಿನಾಗ ಒಂದೀಟು ತಡಾ ಆಗಿ ಬರತೈತಿ" ಎಂದೆ. ಇದೊಂದು ಮಾತು ಮಾತ್ರ ನಿಜವಾಯಿತು. ಸ್ವಲ್ಪ ಹೊತ್ತಿಗೆ ಹನುಮಂತರಾಯ ಫೋನನ್ನು ಮಗುವಿನ ಕಿವಿಯ ಬಳಿ ಹಿಡಿಯುವುದು ಕಾಣಿಸಿತು. "ವೇದವತೀ..." ಎಂಬ ದನಿ ತಿರುಪ್ಪೂರು ಸುತ್ತಿಕೊಂಡು ನಮ್ಮ ಮನೆಗೇ ವಾಪಸು ಬಂತು. ಮಗು ಮುಷ್ಟಿ ಬಿಚ್ಚಿ, ದನಿ ಬಂದ ಕಡೆ ಕಣ್ಣರಳಿಸಿತು. ಹೆಣ್ಣುಮಕ್ಕಳು ಹೋ ಎಂದರು. ಶಾಂತಕ್ಕ ಎಲ್ಲರಿಗೂ ಮಜ್ಜಿಗೆ ತಂದುಕೊಟ್ಟರು. ನನಗೂ.

ಆದರೆ ನಾನು ಬಟ್ಟೆ ಹಾಳುಮಾಡುವ ಆಸಾಮಿಯಲ್ಲ. ಸೀಳಿದ ಅಂಗಿಯನ್ನು ಬಿಚ್ಚಿ, ಕತ್ತರಿಸಿ, ಅದರಲ್ಲೇ ಸೋದರಸೊಸೆ ವೇದವತಿಗೆ ಒಂದು ಪುಟ್ಟ ಜೀನ್ಸ್ ಪ್ಯಾಂಟು ಹೊಲಿದೆ. ಹಿಂಜೇಬು ಹಾಗೆಯೇ ಉಳಿಸಿದೆ. ಪಾರ್ಸೆಲ್ ತಿರುಪ್ಪೂರಿಗೆ ಹೋಯಿತು. ರತ್ನಮ್ಮ ಪ್ಲಾಸ್ಟರ್ ಬಿಚ್ಚಿಸಿಕೊಂಡು ಮನೆಯೊಳಗೆ ಓಡಾಡುವ ಹೊತ್ತಿಗೆ ಹನುಮಂತರಾಯನ ಫೋನು ಬಂತು. ಸ್ಪೀಕರಿಗೆ ಹಾಕಿದೆ. ಹೊಗಳಿಕೆಯನ್ನು ಅವಳೂ ಕೇಳಲಿ ಎಂದು.

"ಭಾವ, ಪ್ಯಾಂಟು ಬಲು ಚೆಂದಾಗೈತೆ. ಆದ್ರೆ ಹಾಕಿದ್ ಸ್ವಲ್ಪ ಹೊತ್ತು ಚೆನ್ನಾಗಿರ್ತಾಳೆ, ಆಮೇಲೆ ಕೆಂಪಗಾಗಿ ಒಂದೇ ಸಮ ಅಳ್ತಾಳೆ. ಯಾಕೋ ಗೊತ್ತಾಗ್ತಿಲ್ಲ."

ನಾನು ಗಂಟಲು ಸರಿಮಾಡಿಕೊಂಡು ಸಲಹೆ ಕೊಡುವಷ್ಟರಲ್ಲಿ ಅಡುಗೆಮನೆಯಿಂದ ರತ್ನಮ್ಮನ ದನಿ ಬಂತು:

"ಮೊದ್ಲು ಅದನ್ನ ಬಿಚ್ಚಾಕ್ಲಾ ಹನುಮಂತ! ನಿಮ್ಮ ಭಾವ ಹೊಲಿದಿದ್ದನ್ನ ಬಿಚ್ಚಿದ್ ಮೇಲೇನೇ ಎಲ್ಲಾ ಸರಿಹೋಗೋದು!"

ಬಿಚ್ಚಿದರಂತೆ. ಮಗು ನಕ್ಕಿತಂತೆ!