ಕಾಗದದ ಮೇಲಿನ ಕಾರ್ಖಾನೆ

ಕಾರ್ಖಾನೆಯನ್ನು ಮೊದಲು ಕಾಗದದ ಮೇಲೆ ಕಟ್ಟುವುದು ನನ್ನ ಕೆಲಸ. ಕಾಗದದ ಮೇಲೆ ಎಲ್ಲವೂ ಗಂಭೀರವಾಗೇ ಇರುತ್ತೆ. ಮನುಷ್ಯರು ಕೈಯಿಟ್ಟ ಮೇಲೆ ನೋಡಿ ತಮಾಷೆ!

೧. ಮೊದಲ ಲೆಕ್ಕ

ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ಚೆನ್ನೈಗೆ ಬಂದು, ರಾಸಾಯನಿಕ ಕಾರ್ಖಾನೆಗಳನ್ನು ವಿನ್ಯಾಸ ಮಾಡುವ ಆಫೀಸು ಸೇರಿದೆ. ಬಾಸ್ ಮೂರು ತಲೆಮಾರಿನಿಂದ ಅಲ್ಲೇ ನೆಲೆಸಿದ ಕನ್ನಡಿಗರು, ಮಾತು ಅರ್ಧ ತಮಿಳು.

"ಒಳಗೆ ಎಷ್ಟು ಹೋಗುತ್ತೋ ಅಷ್ಟೇ ಹೊರಗೆ ಬರಬೇಕು. ಅದೇ ನಮ್ಮ ವೇದ, ಪುರಿಯುದಾ?" ಅಂದರು.

ಅರ್ಥವಾಯಿತು ಅಂತ ತಲೆಯಾಡಿಸಿದೆ. ಮೂರು ದಿನ ಕೂತು ಲೆಕ್ಕ ಹಾಕಿ, ಕುಣಿಯುತ್ತಾ ಒಯ್ದು ಕೊಟ್ಟೆ.

"ನೂರು ಕಿಲೋ ಹಾಕಿದ್ದೀಯ, ನೂರ ಹನ್ನೆರಡು ತೆಗೆದಿದ್ದೀಯ. ನಿನಗೆ ಕಾರ್ಖಾನೆ ಯಾಕಪ್ಪಾ? ಆಶ್ರಮ ಕಟ್ಟು!"

೨. ಗುಣಿಸಿದ ಬಿಸಿಬೇಳೆಬಾತು

ಮದುವೆಯಾಗಿ ಅಣ್ಣಾ ನಗರದಲ್ಲಿ ಮನೆ ಮಾಡಿದೆವು. ಗಣೇಶನ ಹಬ್ಬಕ್ಕೆ ನಮ್ಮ ಕಟ್ಟಡದ ನೂರು ಜನಕ್ಕೆ ಬಿಸಿಬೇಳೆಬಾತ್ ಮಾಡುವ ಭಾಗ್ಯ ನಮ್ಮದಾಯಿತು. ಸಣ್ಣದನ್ನು ದೊಡ್ಡದು ಮಾಡುವುದೇ ನನ್ನ ಕಸುಬಲ್ಲವೇ!

"ನಾಲ್ಕು ಜನರ ಅಳತೇನ ಇಪ್ಪತ್ತೈದರಿಂದ ಗುಣಿಸು, ಮುಗೀತು!"

"ನೀರು ಹಾಗೆ ಗುಣಿಸಬಾರದು ರೀ. ಪಾತ್ರೇಲಿ ಇಂಗಿದ ಹಾಗೆ ಹಂಡೇಲಿ ಇಂಗಲ್ಲ," ಅಂದಳು ಹೆಂಡತಿ.

"ಇಲ್ಲಿ ಇಂಜಿನಿಯರ್ ಯಾರು?" ಅಂದೆ.

ಎದುರುಮನೆ ಮಾಮಿ ಎರಡು ಬಟ್ಟಲು ಕುಡಿದು, "ಸೂಪ್ ಪ್ರಮಾದಂ!" ಅಂದರು. ತಮಿಳಿನಲ್ಲಿ ಅದು ಭಾರೀ ಹೊಗಳಿಕೆ. ನಾನು ಬೀಗುವಷ್ಟರಲ್ಲಿ ಹೆಂಡತಿ ಕಿವಿಯಲ್ಲಿ, "ಕನ್ನಡದಲ್ಲೂ ಅದೇ ಸರಿಯಾದ ಪದ ರೀ," ಅಂದಳು.

೩. ದುಂಡನೆಯ ಕಟ್ಟೆ

ಕೆಲವು ವರ್ಷಗಳ ಮೇಲೆ, ನಾನೇ ಮುಂದೆ ನಿಂತು ವಿನ್ಯಾಸ ಮಾಡಿದ ಮೊದಲ ಕಾರ್ಖಾನೆ ಊರ ಹೊರಗೆ ಏಳುತ್ತಿತ್ತು. ಅದರ ಮಾಲೀಕರು ನೋಡಲು ಬರುವ ದಿನ. ಅವರು ಮೆಚ್ಚಿದರೆ ಅವರ ಎರಡನೆಯ ಕಾರ್ಖಾನೆಯೂ ನಮಗೇ!

ಹೋಗಿ ನೋಡುತ್ತೇನೆ, ಎರಡು ಟ್ಯಾಂಕುಗಳ ನಡುವೆ ಮೂರನೆಯದಕ್ಕೂ ದುಂಡನೆಯ ಕಾಂಕ್ರೀಟ್ ಕಟ್ಟೆ!

"ಇದೇನ್ರೀ?" ಅಂದೆ.

ಮೇಸ್ತ್ರಿ ಹೆಮ್ಮೆಯಿಂದ ಡ್ರಾಯಿಂಗ್ ಬಿಡಿಸಿ ತೋರಿಸಿದರು. ಅಲ್ಲಿ ಕಂದು ಬಣ್ಣದ ಉಂಗುರ. ನನ್ನ ಕಾಫಿ ಲೋಟ ಕೂತ ಗುರುತು! ಅದನ್ನೂ ಅಳೆದು ಕಟ್ಟಿದ್ದರು.

ಅಷ್ಟರಲ್ಲಿ ಬಾಸ್ ಜೊತೆ ಮಾಲೀಕರು ಬಂದೇಬಿಟ್ಟರು. "ಇದು ಯಾತಕ್ಕೆ?"

ಬಾಸ್ ಒಮ್ಮೆ ಡ್ರಾಯಿಂಗ್ ನೋಡಿದರು, ಒಮ್ಮೆ ನನ್ನ ಮುಖ. "ಮುಂದೆ ವಿಸ್ತರಣೆಗೆ, ಸಾರ್," ಅಂದರು.

ಮಾಲೀಕರು ಇಬ್ಬರ ಕೈಯನ್ನೂ ಕುಲುಕಿದರು. ಇಂಥ ಮುಂದಾಲೋಚನೆ ಎಲ್ಲೂ ಕಂಡಿಲ್ಲ ಅಂದು, ಎರಡನೆಯ ಕಾರ್ಖಾನೆಯನ್ನು ಅಲ್ಲೇ ಒಪ್ಪಿಸಿದರು.

ಅವರ ಕಾರು ಮರೆಯಾದ ಮೇಲೆ ಬಾಸ್ ನನ್ನ ಹೆಗಲ ಮೇಲೆ ಕೈ ಹಾಕಿದರು. "ಹೊಸ ಡ್ರಾಯಿಂಗ್ ಮೇಲೆ ಲೋಟ ಇಡೋ ಮುಂಚೆ ನನ್ನನ್ನೊಂದು ಮಾತು ಕೇಳಪ್ಪಾ. ಎಲ್ಲಿಡಬೇಕು ಅಂತ ನಾನು ಹೇಳ್ತೀನಿ."