ಕಿಟಕಿಗೆ ಬಂದ ಓರಿಕ್ಸ್

ತೊಂದರೆಯೆಲ್ಲ ಶುರುವಾದದ್ದು ಫ್ಯಾಮಿಲಿ ಗ್ರೂಪಿಗೆ ವಸುಧಾ ಹಾಕಿದ ಒಂದು ಫೋಟೋದಿಂದ. ಕಿಟಕಿಯಾಚೆ ಹೊಂಬಣ್ಣದ ಮರಳು, ಕಿಟಕಿಯೀಚೆ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತ ಗಂಡ ತಿರುಮಲೇಶ.

ಮಿಷಿಗನ್ನಿನ ಹಿಮದ ನಡುವೆ ಯಾರೋ ಪುಣ್ಯಾತ್ಮರು ಎಕರೆಗಟ್ಟಲೆ ಮರಳು ಸುರಿದು, ಮೇಲೆ ಗಾಜಿನ ಸೂರು ಹೊದಿಸಿ, ಒಳಗೆಲ್ಲ ಬೆಚ್ಚಗೆ ಕಾಯಿಸಿ, ಮರುಭೂಮಿ ಸಫಾರಿ ಲಾಡ್ಜ್ ಕಟ್ಟಿದ್ದರು. ಹಗಲಲ್ಲಿ ಜೀಪು ಹತ್ತಿಸಿ ಒಂಟೆ, ಮರಳು ನರಿಗಳನ್ನು ತೋರಿಸುತ್ತಿದ್ದರು. ಮುಸ್ಸಂಜೆ ಕೋಣೆಯ ದೀಪ ಆರಿಸಿ ಸುಮ್ಮನೆ ಕೂತರೆ, ಓರಿಕ್ಸ್ ಎಂಬ ನೀಳ ಕೊಂಬಿನ ಬಿಳಿಯ ಜಿಂಕೆಯೊಂದು ಕಿಟಕಿಯ ತನಕ ಬರುತ್ತದಂತೆ.

ಆ ಜಿಂಕೆಗೋಸ್ಕರವೇ ತಿರುಮಲೇಶ ದೂರದ ತಮ್ಮೂರು ಶಾಮ್‌ಬರ್ಗಿನಿಂದ ಇಲ್ಲಿಯವರೆಗೆ ಡ್ರೈವ್ ಮಾಡಿಕೊಂಡು ಬಂದಿದ್ದ. ಎಲ್ಕ್ ಗ್ರೋವ್ ವಿಲೇಜಿನ ಡೇಟಾ ಸೆಂಟರಿನಲ್ಲಿ ಅವನ ಕೆಲಸ. ಅಲ್ಲಿನ ಫ್ಯಾನುಗಳ ಮೊರೆತ ಮನೆಗೆ ಬಂದು ಮಲಗಿದರೂ ಕಿವಿ ಬಿಡುತ್ತಿರಲಿಲ್ಲ. ಆ ಬಿಳಿಯ ಪ್ರಾಣಿ ಸದ್ದಿಲ್ಲದೆ ಬಂದು ತನ್ನನ್ನೊಮ್ಮೆ ನೋಡಿಹೋದರೆ ಮೊರೆತ ನಿಂತೀತು ಎಂದು ಅವನಿಗೆ ಏಕೋ ಬಲವಾಗಿ ಅನ್ನಿಸಿಬಿಟ್ಟಿತ್ತು. ಕನಸಲ್ಲೂ ಅದು ಮರಳಿನ ಮೇಲೆ ಬೆಳದಿಂಗಳು ನಡೆದ ಹಾಗೆ ನಡೆದು ಬರುತ್ತಿತ್ತು.

ಫೋಟೋ ನೋಡಿದ್ದು ಅಲ್ಲೇ ಹತ್ತಿರದ ವಿಕ್ಸಮ್‌ನಲ್ಲಿದ್ದ ಪ್ರಕಾಶ, ವಸುಧಾಳ ಚಿಕ್ಕಪ್ಪನ ಮಗ. ಇವರು ಜೀಪಿನಲ್ಲಿ ಕೂತಿದ್ದಾಗಲೇ ತಿರುಮಲೇಶನಿಗೆ ಮೇಲಿಂದ ಮೇಲೆ ಫೋನು. ಆ ರಿಂಗಿಗೆ ಹೆದರಿ ಮರಳು ನರಿ ಬಿಲ ಸೇರಿತು. ಸಹಪ್ರಯಾಣಿಕರು ತಿರುಮಲೇಶನನ್ನೇ ನರಿಯ ಹಾಗೆ ನೋಡಿದರು. ಗಂಡಹೆಂಡತಿ ಜೀಪು ಇಳಿಯುವಷ್ಟರಲ್ಲಿ ಪ್ರಕಾಶ ಖುದ್ದಾಗಿ ರಿಸೆಪ್ಷನ್ನಿನಲ್ಲಿ ನಿಂತು, ಇವರು ರೂಮು ಖಾಲಿ ಮಾಡುತ್ತಾರೆ ಎಂದು ಹೇಳಿಯೂ ಬಿಟ್ಟಿದ್ದ.

"ಪಕ್ಕದಲ್ಲೇ ತಮ್ಮನ ಮನೆ ಇಟ್ಕೊಂಡು ಲಾಡ್ಜಲ್ಲಿ ಇಳ್ಕೊಂಡಿದೀರಲ್ಲ ಭಾವ, ನೋಡಿದವರು ಏನಂತಾರೆ?"

ವಿಕ್ಸಮ್‌ನಲ್ಲಿ ಕಾರ್ಖಾನೆಗಳೂ ಅವುಗಳ ಪಾರ್ಕಿಂಗ್ ಜಾಗಗಳೂ ಇದ್ದವೇ ಹೊರತು, ಇದನ್ನು ನೋಡಿ ಏನಾದರೂ ಅನ್ನುವವರು ಇರಲಿಲ್ಲ. ಆದರೂ ವಸುಧಾ ತವರಿನ ಕಡೆ ವಾಲಿದಳು. ರೂಮು ಬಿಡುವುದಿಲ್ಲ, ಬರೀ ಮಧ್ಯಾಹ್ನದ ಊಟ, ಕತ್ತಲಾಗುವ ಮುಂಚೆ ವಾಪಸ್ಸು ಎಂದು ಒಪ್ಪಂದವಾಗಿ, ಮೂವರೂ ಪ್ರಕಾಶನ ಕಾರಿನಲ್ಲೇ ಹೊರಟರು.

ಪ್ರಕಾಶನ ಹೆಂಡತಿಯ ಹೆಸರು ಇಂದು. ಅವಳು ಹುಳಿ, ಗೊಜ್ಜು, ಎರಡು ಪಲ್ಯ ಬಡಿಸಿದಳು. ಊಟವಾದ ಮೇಲೆ ಹೊಸದಾಗಿ ಮಾಡಿಸಿದ ಬೇಸ್‌ಮೆಂಟ್ ತೋರಿಸಿದರು. ಕಾಫಿಯಾಯಿತು. ಹೊರಡೋಣವೆಂದರೆ ಹೋಳಿಗೆ ತಟ್ಟಲು ಈಗಷ್ಟೇ ಕೂತಿದ್ದೇನೆ, ತಿನ್ನದೆ ಕಳಿಸುವುದಿಲ್ಲ ಎಂದಳು ಇಂದು. ಹೊರಗೆ ಹಿಮ ಹತ್ತಿಯಂತೆ ಉದುರುತ್ತಿತ್ತು, ಬೆಳಕು ನೀಲಿಗೆ ತಿರುಗುತ್ತಿತ್ತು. ತಿರುಮಲೇಶನಿಗೆ ಅಳುವೇ ಬಂದಂತಾಯಿತು.

ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಜೇಬಿನಲ್ಲಿದ್ದ ಮಾತ್ರೆಯ ಡಬ್ಬಿಯನ್ನು ಇನ್ನೂ ಆಳಕ್ಕೆ ತಳ್ಳಿ, ಬಿಪಿ ಮಾತ್ರೆ ಲಾಡ್ಜಿನಲ್ಲೇ ಉಳಿದಿದೆ, ಈಗಿಂದೀಗಲೇ ಹೋಗದಿದ್ದರೆ ತಲೆ ಸುತ್ತುತ್ತದೆ ಎಂದ.

"ಅಯ್ಯೋ, ತಲೆ ಸುತ್ತೋವ್ರು ಯಾಕ್ ಓಡಾಡ್ತೀರಿ ಭಾವ? ಕೂತ್ಕೊಳ್ಳಿ, ನಾನ್ ತರ್ತೀನಿ" ಎಂದವನೇ ಪ್ರಕಾಶ ಮೇಜಿನ ಮೇಲಿದ್ದ ರೂಮಿನ ಕೀ ಎತ್ತಿಕೊಂಡು ಹೊರಟೇಹೋದ. ಹಿಂದೆ ಹೋಗೋಣವೆಂದರೆ ತಿರುಮಲೇಶನ ಕಾರು ಲಾಡ್ಜಿನಲ್ಲಿತ್ತು. ಇಂದುವೋ, ಹಿಮದಲ್ಲಿ ಕಾರು ಮುಟ್ಟುವವಳಲ್ಲ.

ಹೋದವನ ಸುದ್ದಿಯೇ ಇಲ್ಲ. ಎಷ್ಟೋ ಹೊತ್ತಿನ ಮೇಲೆ ವಿಡಿಯೋ ಕಾಲ್ ಬಂತು. ಲಾಡ್ಜಿನ ಕೋಣೆಯ ದೀಪ ಆರಿಸಿದ್ದ, ಪರದೆಯೆಲ್ಲ ಕತ್ತಲು. ಆ ಕತ್ತಲಿನ ನಡುವಿಂದ ಮೆಲ್ಲಗೆ, ಬಿಳಿಯದೊಂದು ಮೂಡಿತು. ನೀಳ ಕೊಂಬು, ಗಾಜಿಗೆ ತಾಗಿದ ಮೂಗು, ಉಸಿರಿನ ಮಂಜು. ದೊಡ್ಡ ಕಪ್ಪು ಕಣ್ಣುಗಳು ಎಲ್ಲಿಯೂ ಕದಲದೆ ಪ್ರಕಾಶನನ್ನೇ ನೋಡುತ್ತಿದ್ದವು. ಅಂಗೈಯಗಲದ ಫೋನಿನಲ್ಲಿ ತಿರುಮಲೇಶ ಅದನ್ನು ನೋಡಿದ.

"ಏನ್ ಶಾಂತಿ ಭಾವ ಇಲ್ಲಿ" ಎಂದು ಪ್ರಕಾಶ ಪಿಸುಗುಟ್ಟಿದ. "ಕಿವಿಯೆಲ್ಲ ತೊಳೆದಂಗಾಯ್ತು. ಮಾತ್ರೆ ಹುಡುಕೋಕೆ ಎದ್ರೆ ಓಡ್ಹೋಗತ್ತೆ, ಸ್ನೋನೂ ಜೋರಾಗಿದೆ. ಇವತ್ತೊಂದು ರಾತ್ರಿ ನಾನಿಲ್ಲೇ ಇದ್ಬಿಡ್ತೀನಿ. ಬಿಪಿ ಮಾತ್ರೆ ಇಂದು ಹತ್ರಾನೂ ಇದೆ, ತಗೊಂಡು ನೀವು ನಮ್ಮನೇಲೇ ಆರಾಮಾಗಿ ಮಲ್ಕೊಳ್ಳಿ."

ಇಂದು ಆಗಲೇ ಗೆಸ್ಟ್ ರೂಮಿನ ಹಾಸಿಗೆಗೆ ಒಗೆದ ಚಾದರ ಹೊದಿಸುತ್ತಿದ್ದಳು.