ಒಂದೂವರೆ ತೋಳಿನ ಅಂಗಿ

ಎಲ್ಲಕ್ಕೂ ಕಾರಣ ಒಂದು ಹಳದಿ ಅಂಗಿ.

ಹಲ್ಲಿನ ಆಸ್ಪತ್ರೆಯ ಕಾಂಪೌಂಡರ್ ಆ ದಿನ ಅದನ್ನು ಬಿಟ್ಟು ನೀಲಿ ಅಂಗಿ ತೊಟ್ಟು ಬಂದ. ಬಂದವನು ಬಾಗಿಲಲ್ಲೇ ಬಕೆಟ್ಟು ಎಡವಿದ. ಬೀದಿಯವರು ಅವನನ್ನು ಗಡಿಬಿಡಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

"ನೀಲೀನಾ!" ಡಾಕ್ಟರಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡರು. "ನಾಲ್ಕು ಗಂಟೆಗೆ ಯಾರು ಬರ್ತಾರೆ ಅನ್ನೋದಾದ್ರೂ ನೆನಪಿದೆಯೇನಯ್ಯಾ?"

ನೆನಪಿತ್ತು. ಬೈಂಡಿಂಗ್ ಅಂಗಡಿಯಲ್ಲಿ ಪುಟ ಜೋಡಿಸುವ ಹೆಣ್ಣುಮಗಳು. ಇಪ್ಪತ್ತಾರು ವರ್ಷ, ಆಟಿಸಂ ಇರುವಾಕೆ. ಸಾವಿರ ಪುಟದ ಪುಸ್ತಕದಲ್ಲಿ ಒಂದೇ ಒಂದು ಹಾಳೆ ಹಿಂದುಮುಂದಾಗಿದ್ದರೂ ಬೆರಳಿಟ್ಟು ತೋರಿಸುವಳು. ಆದರೆ ಕಣ್ಣು ಕುಕ್ಕುವ ದೀಪ, ದಿಢೀರನೆ ಏಳುವ ಸದ್ದು, ಹೇಳದೆ ಕೇಳದೆ ಮುಟ್ಟುವ ಕೈ, ಇವು ಅವಳಿಗೆ ಆಗವು. ಹಲ್ಲುನೋವಿನಿಂದ ಎರಡು ವಾರ ಸರಿಯಾಗಿ ಉಂಡಿರಲಿಲ್ಲ, ಕೆಲಸಕ್ಕೂ ಹೋಗಿರಲಿಲ್ಲ. ಇವತ್ತು ಇಲ್ಲಿ ಆಗದಿದ್ದರೆ ದೊಡ್ಡಾಸ್ಪತ್ರೆಗೆ ಸೇರಿಸಿ, ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಮಾಡಬೇಕು. ಅದನ್ನು ನೆನೆದರೆ ಅವಳ ಅಕ್ಕನ ಎದೆ ಧಸಕ್ಕೆನ್ನುತ್ತಿತ್ತು.

ಡಾಕ್ಟರಮ್ಮ ಆತುರಪಟ್ಟಿರಲಿಲ್ಲ. ಮೊದಲ ಸಲ ಅವಳು ಪಡಸಾಲೆಯಲ್ಲಿ ಕೂತು ಎದ್ದುಹೋದಳು, ಅಷ್ಟೇ. ಎರಡನೇ ಸಲ ಕುರ್ಚಿಯನ್ನು ತಾನೇ ಮೇಲೆ ಕೆಳಗೆ ಮಾಡಿ ನೋಡಿದಳು. ಮನೆಗೆ ಒಯ್ಯಲು ಒಂದು ಆಲ್ಬಮ್ ಕೊಟ್ಟಿದ್ದರು: ಎಂಟು ಪುಟ, ಪುಟಕ್ಕೊಂದು ಕೆಲಸ, ಪ್ರತಿ ಫೋಟೋದಲ್ಲೂ ಹಳದಿ ಅಂಗಿ ತೊಟ್ಟು ರೋಗಿಯಾಗಿ ಕೂತ ಗಡಿಬಿಡಿ. "ಇದರಲ್ಲಿ ಇರೋ ಹಾಗೇ ನಡೆಯತ್ತೆ. ಮೊದಲು ಅಣ್ಣನಿಗೆ, ಆಮೇಲೆ ನಿನಗೆ," ಎಂದು ಮಾತು ಕೊಟ್ಟಿದ್ದರು.

"ಅಂಗಿ ಇಸ್ತ್ರಿಗೆ ಹೋಗಿದೆ ಅಮ್ಮಾ, ಈಗ ತಂದೆ!" ಎಂದು ಎಡದವಡೆಯ ಲವಂಗವನ್ನು ಕಚ್ಚಿ ಹಿಡಿದು ಅವನು ಓಡಿದ. ಮೂರು ತಿಂಗಳಿಂದ ಆ ಲವಂಗ ಅಲ್ಲಿಂದ ಕದಲಿರಲಿಲ್ಲ. ಕೇಳಿದವರಿಗೆ, "ಬಾಯಿ ಘಮ್ಮಂತಿರ್ಲಿ ಅಂತ," ಎನ್ನುತ್ತಿದ್ದ.

"ಗುಂಡಿ ಸಡಿಲ ಇತ್ತು ಕಣಣ್ಣ, ನೋಡಿ ಸುಮ್ನಿರಕ್ಕಾಗ್ಲಿಲ್ಲ," ಎಂದ ಇಸ್ತ್ರಿಯವನು. "ನಿಮ್ಮ ಆಸ್ಪತ್ರೆ ಮೇಲಿನ ಟೈಲರ್‌ಗೆ ಕೊಟ್ಟೆ."

ಟೈಲರು ಅಂಗಿಯನ್ನು ಧ್ವಜದಂತೆ ಎತ್ತಿ ತೋರಿಸಿದ. "ಮೊಣಕೈ ಸವೆದಿತ್ತಪ್ಪಾ. ಅರ್ಧ ತೋಳು ಮಾಡ್ಬಿಟ್ಟೆ. ಇನ್ನು ಹತ್ತು ವರ್ಷ ಚಿಕ್ಕವನ ಹಾಗೆ ಕಾಣ್ತೀಯ ನೋಡು!"

"ಅಯ್ಯೋ ಮಾರಾಯಾ, ಆಲ್ಬಮ್ಮಲ್ಲಿ ನನಗೆ ಪೂರ್ತಿ ತೋಳಿದೆ! ಉಳಿದರ್ಧ ಎಲ್ಲಿ?"

ಒಂದು ತುಂಡು ಚಿಂದಿಯ ಚೀಲದ ತಳದಲ್ಲಿ ಸಿಕ್ಕಿತು. ಇನ್ನೊಂದನ್ನು ಇಸ್ತ್ರಿಯವನು ಒಯ್ದಿದ್ದನಂತೆ; ಮೆಟ್ಟಿಲಿಳಿದು ಓಡಿದರೆ, ಅವನು ಅದರಲ್ಲೇ ಇಸ್ತ್ರಿಪೆಟ್ಟಿಗೆಯ ಮಸಿ ಒರೆಸುತ್ತಿದ್ದ. ಅದನ್ನು ಒಗೆದು ಒಣಗಿಸುವ ಹೊತ್ತಿಗೆ ಮೂರು ಮುಕ್ಕಾಲು.

ಅಷ್ಟರಲ್ಲಿ ಇನ್ನೊಂದು ಕೆಲಸ ನೆನಪಾಯಿತು. ನಾಲ್ಕರಿಂದ ಐದರವರೆಗೆ ಬೀದಿ ಗಪ್‌ಚಿಪ್ ಇರಬೇಕು. ಟೈಲರನ ಮುಂದೆ ಅಂಗಿ ಎಸೆದು, "ನಾಲ್ಕು ಹೊಡೀತಿದ್ದ ಹಾಗೇ ಮಿಷನ್ ನಿಲ್ಲಿಸ್ಬೇಕು, ಆಣೆ ಮಾಡು!" ಎಂದ. ಟೈಲರು ಕತ್ತರಿ ಮುಟ್ಟಿ ಆಣೆ ಮಾಡಿದ. ಬೀಗ ರಿಪೇರಿಯವನಂತೂ ಸುತ್ತಿಗೆ ಕೆಳಗಿಟ್ಟು, ಪಕ್ಕದ ಬೀದಿಗೂ ಕೇಳುವಂತೆ, "ಯಾರೂ ಸದ್ದು ಮಾಡ್ಬೇಡ್ರೋ!" ಎಂದು ಕೂಗಲು ಹೊರಟ. ಅವನ ಬಾಯಿ ಮುಚ್ಚಿಸಲು ಐದು ನಿಮಿಷ ಹಿಡಿಯಿತು.

ಗಡಿಬಿಡಿ ಏದುಸಿರು ಬಿಡುತ್ತ ಮೇಲೆ ಬಂದಾಗ ಒಂದು ತೋಳು ಕೂಡಿತ್ತು. ಇನ್ನೊಂದಕ್ಕೆ ಸೂಜಿ ಇಳಿಯಬೇಕು ಅನ್ನುವಷ್ಟರಲ್ಲಿ ಗಡಿಯಾರ ನಾಲ್ಕು ಹೊಡೆಯಿತು. ಟೈಲರು ಮಿಷನ್ನಿನ ಮೇಲಿಂದ ಕಾಲು ತೆಗೆದುಬಿಟ್ಟ.

"ಹೊಲಿಯೋ!"

"ಆಣೆ ಹಾಕಿಸ್ಕೊಂಡಿದ್ದು ನೀನೇ. ನನ್ನ ಮಾತು ಅಂದ್ರೆ ಮಾತು."

ಹೀಗೆ ಒಂದು ತೋಳು ಪೂರ್ತಿ, ಒಂದು ಅರ್ಧ ತೊಟ್ಟು, ಅರ್ಧ ಪುಕ್ಕ ಕಿತ್ತ ಹುಂಜದ ಹಾಗೆ ಅವನು ಕೆಳಗಿಳಿದ. ದೊಡ್ಡ ದೀಪ ಆರಿತ್ತು, ಕಿಟಕಿಗೆ ಪರದೆ ಇಳಿದಿತ್ತು. ಅಕ್ಕ ತಂಗಿ ಬಂದು ಕೂತಿದ್ದರು. ತಂಗಿ ಕಪ್ಪು ಕನ್ನಡಕ ಹಾಕಿ, ಸದ್ದು ತಡೆಯುವ ಕಿವಿಮುಚ್ಚಳವನ್ನು ಕೊರಳಿಗಿಳಿಸಿಕೊಂಡಿದ್ದಳು. ತೊಡೆಯ ಮೇಲೆ ಎಕ್ಸ್‌ರೇ ತೆಗೆಯುವಾಗ ಹೊದಿಸುವ ಭಾರದ ಹೊದಿಕೆ. ಅವಳು ಅಂಗಿಯನ್ನೇ ನೋಡಿದಳು.

"ತೋಳು ಒಂದೂವರೆ," ಎಂದಳು ತಂಗಿ. ಸ್ವಲ್ಪ ಯೋಚಿಸಿ, "ಪರವಾಗಿಲ್ಲ. ತೋಳಿಗೆ ಹಲ್ಲಿಲ್ಲ."

ಗಡಿಬಿಡಿಗೆ ಕುಣಿಯಬೇಕೆನ್ನಿಸಿತು. ಬೆಳಗಿನಿಂದ ಪಟ್ಟ ಪಾಡೆಲ್ಲ ದಂಡವೇ ಆಗಿದ್ದರೂ ಗೆದ್ದೆವಲ್ಲ! ಆಲ್ಬಮ್ಮಿನ ಪ್ರಕಾರ ಕುರ್ಚಿಯಲ್ಲಿ ಕೂತ. ಬಟ್ಟೆ ಕಟ್ಟಿದರು, ಅವಳು ಪುಟ ತಿರುವಿದಳು. ಮುಚ್ಚಳ ಹಾಕಿದ ಸೂಜಿಯನ್ನು ಬಾಯಿಯ ಬಳಿ ಹಿಡಿದರು. ಅವಳು ಪುಟ ತಿರುವಲಿಲ್ಲ.

"ಚುಚ್ಚಿಲ್ಲ."

ಡಾಕ್ಟರಮ್ಮ ತಬ್ಬಿಬ್ಬಾದರು. "ಫೋಟೋದಲ್ಲೂ ಚುಚ್ಚಿರಲಿಲ್ಲಮ್ಮ, ಸುಮ್ನೆ ಹಿಡಿದಿದ್ದು. ಅದನ್ನ ನಿನಗೆ ಹೇಳಬೇಕಿತ್ತು, ತಪ್ಪು ನಂದೇ. ಇವನ ಒಳ್ಳೆ ಹಲ್ಲನ್ನ ಹೇಗಮ್ಮ ಕೊರೀಲಿ?"

"ಒಳ್ಳೇದಲ್ಲ." ಅವಳು ಆರನೇ ಪುಟ ತೆಗೆದು, ಫೋಟೋದಲ್ಲಿ ಅವನು ಅಗಲಿಸಿದ ಬಾಯಿಯ ಮೇಲೆ ಬೆರಳಿಟ್ಟಳು. "ಎಡಗಡೆ. ಕೆಳಗೆ. ಹಿಂದಿನಿಂದ ಎರಡನೇದು. ಕಪ್ಪು."

ಡಾಕ್ಟರಮ್ಮ ಫೋಟೋ ನೋಡಿದರು. ಅವನ ಮುಖ ನೋಡಿದರು. "ಬಾಯಿ ತೆಗಿಯಯ್ಯಾ."

ಲವಂಗ ಹೊರಬಂತು. ಅದರ ಹಿಂದೆ ಗುಟ್ಟೂ.

"ಹನ್ನೆರಡು ವರ್ಷದಿಂದ ನನ್ನ ಜೊತೆ ಇದ್ದು, ಹಲ್ಲು ತೋರಿಸಕ್ಕೆ ನಿನಗೆ ಭಯಾನಾ!"

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಅಕ್ಕ ನಿಂತಿದ್ದಳು, ಕೈಮುಗಿಯಲೋ ಬೇಡವೋ ಎಂಬಂತೆ. ಅವನ ಕಾಲಲ್ಲಿದ್ದ ಓಟ ಅಲ್ಲೇ ಇಂಗಿತು. ಕಣ್ಣುಮುಚ್ಚಿ ಒರಗಿದ.

ಆಗ ತಂಗಿ ಎದ್ದು ಬಂದು ತನ್ನ ಭಾರದ ಹೊದಿಕೆಯನ್ನು ಅವನ ಎದೆಗೆ ಹೊದಿಸಿದಳು. "ಭಾರ ಇದ್ರೆ ಹೆದರಿಕೆ ಕಡಿಮೆ. ಸಾಕು ಅನ್ಸಿದ್ರೆ ಕೈ ಎತ್ತು. ಕೂಗಬೇಡ, ನಂಗೆ ಆಗಲ್ಲ." ಕಿವಿಮುಚ್ಚಳವನ್ನು ಕಿವಿಗೇರಿಸಿಕೊಂಡಳು.

ಇಡೀ ಬೀದಿಯ ಬಾಯಿ ಮುಚ್ಚಿಸಿದವನು ಈಗ ತನ್ನ ಬಾಯಿ ತೆರೆದೂ ಸದ್ದು ಮಾಡುವಂತಿರಲಿಲ್ಲ. ಕೂಗನ್ನೆಲ್ಲ ಕಾಲ ಬೆರಳುಗಳಿಗೆ ಕಳಿಸಿದ. ಅವು ಗಾಳಿಯಲ್ಲಿ ಹತ್ತು ಹುಳುಗಳಂತೆ ಹೊರಳಾಡಿದವು.

ಅವನಾದ ಮೇಲೆ ಅವಳು. ಪುಟ ಒಂದು, ಎರಡು, ಮೂರು. ಎರಡು ಸಲ ಕೈ ಎತ್ತಿದಳು. ಎರಡು ಸಲವೂ ಡಾಕ್ಟರಮ್ಮ ಆ ಕ್ಷಣವೇ ಕೈ ತೆಗೆದರು. ಹನ್ನೊಂದನೇ ನಿಮಿಷಕ್ಕೆ ಎಂಟನೇ ಪುಟ ಮುಚ್ಚಿತು. ಅಕ್ಕ ಗೋಡೆಗೆ ಮುಖ ಮಾಡಿ ಅಳುತ್ತ ನಗುತ್ತಿದ್ದಳು.

"ನಾನು ಎರಡು. ಅಣ್ಣ ಒಂಬತ್ತು," ಎಂದು ತಂಗಿ ಲೆಕ್ಕ ಒಪ್ಪಿಸಿದಳು.

"ಇವನದು ಇನ್ನೂ ಮುಗಿದಿಲ್ಲ ಕಣಮ್ಮ," ಎಂದರು ಡಾಕ್ಟರಮ್ಮ ಉತ್ಸಾಹದಿಂದ. "ಹುಳುಕು ಬೇರಿಗಿಳಿದಿದೆ, ಮೂರು ಸಲ ಬರ್ಬೇಕು. ಒಳ್ಳೇದೇ ಆಯ್ತು! ಬೇರಿನ ಚಿಕಿತ್ಸೆಗೂ ಒಂದು ಆಲ್ಬಮ್ ಬೇಕಿತ್ತು. ಈ ಸಲ ನಿಜವಾಗಿ ಚುಚ್ಚಿಯೇ ಫೋಟೋ ತೆಗೆಯೋಣ. ನೀನೇ ಬೈಂಡ್ ಮಾಡಿಕೊಡ್ತೀಯಾ?"

ತಂಗಿ ಮರಗಟ್ಟಿದ ತುಟಿಯಲ್ಲೇ ಸೊಟ್ಟಗೆ ನಕ್ಕಳು. ಗಡಿಬಿಡಿಯ ಬಾಯೊಳಗೆ ಒಮ್ಮೆ ಇಣುಕಿ, ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ಎಣಿಸಿದಳು.

"ಮಾಡ್ತೀನಿ. ಮೂವತ್ತೆರಡು ಪುಟ."